ಆಷಾಢದ ಕೆಲಸ: ಮದುವೆ ವಿಡಿಯೊ ಪ್ರಾಜೆಕ್ಟನ್ನು ಹಾರ್ಡ್ ಡಿಸ್ಕ್‌ಗೆ ಪೂರ್ತಿಯಾಗಿ ಎತ್ತಿಡುವುದು ಹೇಗೆ?

ಆಷಾಢ ಬಂತೆಂದರೆ ದಾವಣಗೆರೆಯ ಛತ್ರಗಳು ಖಾಲಿ. ವಾಲಗದವರಿಗೆ ರಜೆ, ಅಡುಗೆಯವರಿಗೆ ರಜೆ, ನಮ್ಮ ಕ್ಯಾಮೆರಾ ಬ್ಯಾಗಿಗೂ ರಜೆ. ಆದರೆ ನನ್ನ ಎಡಿಟಿಂಗ್ ಟೇಬಲ್ ಮೇಲೆ ಕೆಲಸ ಜಾಸ್ತಿ ಆಗುವುದು ಆಗಲೇ. ಮಾಘದಿಂದ ಜ್ಯೇಷ್ಠದವರೆಗೆ ತೆಗೆದ ಮದುವೆಗಳೆಲ್ಲ ಎಡಿಟಿಂಗ್‌ಗೆ ಬಳಸುವ ವೇಗದ ಡಿಸ್ಕ್ ಎಸ್‌ಎಸ್‌ಡಿಯಲ್ಲಿ ತುಂಬಿಕೊಂಡು ಕೂತಿರುತ್ತವೆ. ಶ್ರಾವಣಕ್ಕೆ ಮತ್ತೆ ಬುಕಿಂಗ್ ಶುರು. ಅಷ್ಟರಲ್ಲಿ ಜಾಗ ಆಗಬೇಕು, ಹಳೆಯದೂ ಉಳಿಯಬೇಕು.

ಮೊದಮೊದಲು ನಾನೂ ಎಲ್ಲರಂತೆ ಫುಟೇಜ್ ಫೋಲ್ಡರನ್ನು ಹಾರ್ಡ್ ಡಿಸ್ಕ್‌ಗೆ ಎಳೆದು ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಒಂದು ಸಲ ಹರಿಹರದ ಕಡೆಯ ಮದುವೆ. ಎರಡು ವರ್ಷದ ಮೇಲೆ ಮದುಮಗಳೇ ಬಂದಳು. ಅವಳ ಅಜ್ಜ ತೀರಿಕೊಂಡಿದ್ದರು. ಅಕ್ಷತೆ ಹಾಕುವಾಗ ಅಜ್ಜ ಅವಳ ತಲೆ ಮೇಲೆ ಕೈ ಇಟ್ಟು ಏನೋ ಹೇಳಿದ್ದರಂತೆ, ಆ ಮಾತು ಬೇಕಿತ್ತು. ಪ್ರಾಜೆಕ್ಟ್ ತೆರೆದೆ. ಅಜ್ಜ ಇರಬೇಕಾದ ಜಾಗದಲ್ಲಿ ಕೆಂಪು ಪರದೆ, ಅದರ ಮೇಲೆ ‘ಮೀಡಿಯಾ ಆಫ್‌ಲೈನ್’. ಆ ಶಾಟ್ ತೆಗೆದಿದ್ದು ಎರಡನೇ ಕ್ಯಾಮೆರಾದ ಹುಡುಗ. ನಾನು ಅವನ ಡಿಸ್ಕ್ ಚುಚ್ಚಿಕೊಂಡು, ಅಲ್ಲಿಂದಲೇ ಎಡಿಟ್ ಮಾಡಿ, ಡಿಸ್ಕನ್ನು ವಾಪಸ್ ಕೊಟ್ಟಿದ್ದೆ. ಅವನು ಅದನ್ನು ಯಾವತ್ತೋ ಫಾರ್ಮ್ಯಾಟ್ ಮಾಡಿದ್ದ. ಕೊನೆಗೆ ಸಿಕ್ಕಿದ್ದು ಅವರಿಗೇ ಕೊಟ್ಟಿದ್ದ ಪೆನ್‌ಡ್ರೈವ್‌ನ ವಿಡಿಯೊ. ಅದರಲ್ಲಿ ಅಜ್ಜನ ತುಟಿ ಅಲ್ಲಾಡುತ್ತದೆ, ಕೇಳುವುದು ಮಾತ್ರ ನಾನೇ ಹಾಕಿದ ಹಾಡು.

ಆಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಮೂಲ ಡಿಸ್ಕ್ ಕಿತ್ತಿಟ್ಟು, ಎತ್ತಿಟ್ಟ ಕಾಪಿ ಒಂದರಿಂದಲೇ ಪ್ರಾಜೆಕ್ಟ್ ತೆರೆದು ನೋಡುವ ತನಕ ಅದನ್ನು ಆರ್ಕೈವ್ ಎಂದು ಕರೆಯುವುದಿಲ್ಲ. ಕೆಳಗೆ ಬರೆದಿರುವ ಎಲ್ಲ ಹೆಜ್ಜೆಗಳೂ ಆ ಒಂದು ಪರೀಕ್ಷೆ ಪಾಸಾಗಲು.

ಪ್ರಾಜೆಕ್ಟ್ ಒಳಗೆ ವಿಡಿಯೊ ಇರುವುದಿಲ್ಲ

ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ ಇರುತ್ತದೆ, ಛತ್ರ ಇರುವುದಿಲ್ಲ. ಎಡಿಟಿಂಗ್ ಪ್ರಾಜೆಕ್ಟ್ ಕೂಡ ಹಾಗೇ. ಯಾವ ಕ್ಲಿಪ್, ಎಲ್ಲಿಂದ ಎಲ್ಲಿಗೆ ಕಟ್, ಬಣ್ಣ ಎಷ್ಟು, ಹಾಡು ಎಲ್ಲಿ ಶುರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಕ್ಲಿಪ್ ಮಾತ್ರ ‘ಇ ಡ್ರೈವ್, ಇಂಥ ಫೋಲ್ಡರ್’ ಎಂಬ ವಿಳಾಸ. ಡಿಸ್ಕ್ ಕಿತ್ತರೂ ಸರಿ, ಫೋಲ್ಡರ್ ಹೆಸರು ಬದಲಾದರೂ ಸರಿ, ಡ್ರೈವ್‌ನ ಅಕ್ಷರ ಇ ಹೋಗಿ ಎಫ್ ಆದರೂ ಸರಿ, ವಿಳಾಸ ತಪ್ಪುತ್ತದೆ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೊಂದು ಅಪಾಯ ಇದೆ. ಅಂಥದೇ ಇನ್ನೊಂದು ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಿ ಪ್ರಾಜೆಕ್ಟ್ ಒಂದು ಫೈಲ್ ಆಗಿ ಕಣ್ಣಿಗೆ ಕಾಣುತ್ತದೆ. ರಿಸಾಲ್ವ್‌ನಲ್ಲಿ ಅದು ಪ್ರಾಜೆಕ್ಟ್ ಲೈಬ್ರರಿಯೊಳಗೆ ಕೂತಿರುತ್ತದೆ. ನೀವು ಬೇರೆ ಜಾಗ ಹೇಳಿರದಿದ್ದರೆ ಆ ಲೈಬ್ರರಿ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿರುತ್ತದೆ. ಫುಟೇಜ್ ಎಲ್ಲ ಜೋಪಾನವಾಗಿ ಕಾಪಿ ಮಾಡಿ, ಆಮೇಲೆ ಕಂಪ್ಯೂಟರ್ ಸ್ಲೋ ಆಯ್ತು ಎಂದು ವಿಂಡೋಸ್ ಹೊಸದಾಗಿ ಹಾಕಿಸಿದರೆ? ಫುಟೇಜ್ ಇದೆ, ಮೂರು ವಾರ ಕೂತು ಮಾಡಿದ ಎಡಿಟ್ ಇಲ್ಲ. ಹೀಗೆ ಕಳೆದುಕೊಂಡವರು ನಮ್ಮಲ್ಲಿ ಇದ್ದಾರೆ.

ಜಾಗದ ಲೆಕ್ಕ, ಡಿಸ್ಕಿನ ಆಯ್ಕೆ

ಈಗಿನ ಕ್ಯಾಮೆರಾಗಳಲ್ಲಿ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆಯುವುದು ಸಾಮಾನ್ಯ. ಬೈಟ್ ಲೆಕ್ಕಕ್ಕೆ ತಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ನಾಲ್ಕು ನಾಲ್ಕು ಗಂಟೆ ಓಡಿದರೆ 360 ಜಿಬಿ. ಡ್ರೋನ್, ಮೊಬೈಲ್ ಕ್ಲಿಪ್, ಹಾಡು, ಕೊನೆಯ ಎಕ್ಸ್‌ಪೋರ್ಟ್ ಸೇರಿ ಒಂದು ಮದುವೆಗೆ 400 ಜಿಬಿ ಎಂದಿಟ್ಟುಕೊಳ್ಳಿ. 2 ಟಿಬಿ ಡಿಸ್ಕ್ ಕೊಂಡರೆ ವಿಂಡೋಸ್ ಅದನ್ನು 1.81 ಟಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ, ಕಂಪನಿ 1000ದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ. ಡಿಸ್ಕನ್ನು ಅಂಚಿನವರೆಗೆ ತುಂಬಬಾರದು. ಹಾಗಾಗಿ 2 ಟಿಬಿಗೆ ನಾಲ್ಕು ಮದುವೆ.

ಎತ್ತಿಡುವುದಕ್ಕೆ ತಿರುಗುವ ಹಾರ್ಡ್ ಡಿಸ್ಕೇ ಸಾಕು. ಎಸ್‌ಎಸ್‌ಡಿ ವೇಗ ಜಾಸ್ತಿ, ಎಡಿಟಿಂಗ್‌ಗೆ ಅದೇ ಬೇಕು. ಆದರೆ ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುತ್ ಚಾರ್ಜ್ ರೂಪದಲ್ಲಿ. ಕರೆಂಟ್ ಕಾಣದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದರೆ ಆ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಮೇಲಾಗಿ ಅಷ್ಟೇ ಜಾಗಕ್ಕೆ ದುಡ್ಡೂ ಹೆಚ್ಚು.

ಹೊಸ ಡಿಸ್ಕ್ ಬಂದಾಗ ಫಾರ್ಮ್ಯಾಟ್ ಯಾವುದು ಎಂದು ಮೊದಲು ನೋಡಿ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಒಳಗೇ ಹೋಗುವುದಿಲ್ಲ. ನಮ್ಮ ಧಾರೆಯ ಒಂದು ಕ್ಲಿಪ್ಪೇ ಅದಕ್ಕಿಂತ ದೊಡ್ಡದಿರುತ್ತದೆ. ಬರೀ ವಿಂಡೋಸ್ ಬಳಸುವವರು ಎನ್‌ಟಿಎಫ್‌ಎಸ್ ಇಡಿ. ಮ್ಯಾಕ್‌ನವರ ಜೊತೆ ಕೊಡುಕೊಳ್ಳುವಿಕೆ ಇದ್ದರೆ ಎಕ್ಸ್‌ಫ್ಯಾಟ್. ಆದರೆ ಎಕ್ಸ್‌ಫ್ಯಾಟ್ ಡಿಸ್ಕನ್ನು ‘ಇಜೆಕ್ಟ್’ ಮಾಡದೆ ಎಳೆಯುವ ಅಭ್ಯಾಸ ಬಿಡಿ, ಅದು ಬೇಗ ಕೆಡುತ್ತದೆ.

ಕೇಬಲ್ ಬಗ್ಗೆ ಒಂದು ಮಾತು. ಯುಎಸ್‌ಬಿ 3 ಪೋರ್ಟ್‌ನಲ್ಲಿ ಸಾಮಾನ್ಯ ಪೋರ್ಟಬಲ್ ಡಿಸ್ಕ್ ಸೆಕೆಂಡಿಗೆ 110 ಎಂಬಿ ಆಸುಪಾಸಿನಲ್ಲಿ ಬರೆದರೆ 400 ಜಿಬಿಗೆ ಸುಮಾರು ಒಂದು ಗಂಟೆ. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದರೆ ಮೂರು ಗಂಟೆ ದಾಟುತ್ತದೆ. ಕ್ಯಾಬಿನೆಟ್‌ನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಚುಚ್ಚಿ. ಮುಂದಿನದು ಸಡಿಲ ಇರುತ್ತದೆ, ಒಂದು ಸಲ ಕಾಲು ತಾಗಿದರೆ ಮುಗೀತು.

ಕಾಪಿಗೆ ಮೊದಲು ಮನೆ ಗುಡಿಸಿ

ಆ ಮದುವೆಗೆ ಬಳಸಿದ ಎಲ್ಲ ಡಿಸ್ಕ್, ಪೆನ್‌ಡ್ರೈವ್, ಕಾರ್ಡ್ ಮೊದಲು ಕಂಪ್ಯೂಟರ್‌ಗೆ ಚುಚ್ಚಿ. ಪ್ರಾಜೆಕ್ಟ್ ತೆರೆದು, ಕಟ್ ಮಾಡಿದ ಕ್ಲಿಪ್‌ಗಳು ಸಾಲಾಗಿರುವ ಟೈಮ್‌ಲೈನನ್ನು ಈ ತುದಿಯಿಂದ ಆ ತುದಿಗೆ ಎಳೆದು ನೋಡಿ. ಎಲ್ಲಾದರೂ ಕೆಂಪು ಕಂಡರೆ ಈಗಲೇ ರೀಲಿಂಕ್ ಮಾಡಿ, ಅಂದರೆ ಆ ಫೈಲ್ ಎಲ್ಲಿದೆ ಎಂದು ಸಾಫ್ಟ್‌ವೇರ್‌ಗೆ ತೋರಿಸಿಕೊಡಿ. ಎರಡು ವರ್ಷದ ನಂತರ ಹುಡುಕುವುದಕ್ಕಿಂತ ಎರಡು ವಾರದ ನಂತರ ಹುಡುಕುವುದು ಸುಲಭ ಅಲ್ವಾ?

ತಪ್ಪಿಸಿಕೊಳ್ಳುವ ಫೈಲ್‌ಗಳು ಯಾವಾಗಲೂ ಅವೇ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿದ್ದಿರುವ ಹಾಡು. ವಾಟ್ಸ್ಆ್ಯಪ್‌ನಲ್ಲಿ ಮದುಮಗನ ತಮ್ಮ ಕಳಿಸಿದ ಅರಿಶಿನದ ಕ್ಲಿಪ್. ಡೆಸ್ಕ್‌ಟಾಪ್ ಮೇಲಿಟ್ಟ ಲಗ್ನಪತ್ರಿಕೆಯ ಫೋಟೊ. ರಿಸಾಲ್ವ್‌ಗೆ ತಂದ ಕ್ಲಿಪ್‌ಗಳೆಲ್ಲ ಇರುವ ಮೀಡಿಯಾ ಪೂಲ್‌ನಲ್ಲಿ ಅನುಮಾನ ಬಂದ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಅದು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಇನ್ನು ಒಳಗೆ ತರದೇ ಬಿಟ್ಟ ಕ್ಲಿಪ್‌ಗಳು. ಸಾಫ್ಟ್‌ವೇರ್‌ಗೆ ಗೊತ್ತಿರುವುದು ನೀವು ಇಂಪೋರ್ಟ್ ಮಾಡಿದ್ದಷ್ಟೇ. ಕಾರ್ಡ್‌ನಲ್ಲಿ 300 ಕ್ಲಿಪ್ ಇದ್ದು ನೀವು 220 ಮಾತ್ರ ತಂದಿದ್ದರೆ ಉಳಿದ 80 ಆರ್ಕೈವ್‌ಗೆ ಬರುವುದಿಲ್ಲ. ಅವೂ ಬೇಕೆಂದರೆ ಪ್ರಾಜೆಕ್ಟ್ ಒಳಗೆ ಒಂದು ಬಿನ್ (ಫೋಲ್ಡರ್) ಮಾಡಿ ಅದಕ್ಕೆ ತುಂಬಿ. ನಾನು ತುಂಬುತ್ತೇನೆ. ಎಡಿಟ್‌ನಲ್ಲಿ ಬಿಟ್ಟದ್ದನ್ನೇ ಜನ ಆಮೇಲೆ ಕೇಳುವುದು.

ಕಸ ಮಾತ್ರ ತೆಗೆಯಿರಿ. ರಿಸಾಲ್ವ್‌ನಲ್ಲಿ ‘ಪ್ಲೇಬ್ಯಾಕ್’ ಮೆನುವಿನಲ್ಲಿ ‘ಡಿಲೀಟ್ ರೆಂಡರ್ ಕ್ಯಾಶ್’ ಇದೆ. ವಿಡಿಯೊ ಸರಾಗವಾಗಿ ಓಡಲೆಂದು ಸಾಫ್ಟ್‌ವೇರ್ ಮಾಡಿಟ್ಟ ಕ್ಯಾಶ್, ಮೂಲ ಕ್ಲಿಪ್‌ನ ಹಗುರ ನಕಲಾದ ಪ್ರಾಕ್ಸಿ, ಎರಡನ್ನೂ ಯಾವಾಗ ಬೇಕಾದರೂ ಮತ್ತೆ ಮಾಡಿಕೊಳ್ಳಬಹುದು. ಅವಕ್ಕೆ ಡಿಸ್ಕ್ ಜಾಗ ಯಾಕೆ?

ಡಾವಿಂಚಿ ರಿಸಾಲ್ವ್‌ನಲ್ಲಿ

1. ಪ್ರಾಜೆಕ್ಟ್ ಸೇವ್ ಮಾಡಿ. ಕೆಳಗೆ ಬಲಗಡೆ ಇರುವ ಮನೆ ಗುರುತು ಒತ್ತಿ. ಪ್ರಾಜೆಕ್ಟ್ ಮ್ಯಾನೇಜರ್ ತೆರೆಯುತ್ತದೆ.

2. ಪ್ರಾಜೆಕ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್’ ಆರಿಸಿ. ಅದರ ಪಕ್ಕದಲ್ಲೇ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಎಂದೂ ಇರುತ್ತದೆ. ಅದು ಬರೀ ಲಗ್ನಪತ್ರಿಕೆ. ಅವಸರದಲ್ಲಿ ಅದನ್ನು ಒತ್ತಿ, ಎರಡೇ ಸೆಕೆಂಡಿಗೆ ಕೆಲಸ ಮುಗಿಯಿತು ಎಂದು ಖುಷಿಪಡಬೇಡಿ.

3. ಜಾಗ ಕೇಳಿದಾಗ ಹೊರಗಿನ ಡಿಸ್ಕ್ ಆರಿಸಿ. ಹೆಸರು ಕೊಡಿ. ನಾನು ಇಡುವುದು 2024-02-18-ಹರಿಹರ-ಮದುವೆ ಎಂಬ ಕ್ರಮದಲ್ಲಿ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ವರ್ಷ ಮೊದಲು ಬಂದರೆ ಫೋಲ್ಡರ್‌ಗಳು ತಾವೇ ತಾರೀಕಿನ ಸಾಲಿನಲ್ಲಿ ನಿಲ್ಲುತ್ತವೆ.

4. ‘ಮೀಡಿಯಾ ಫೈಲ್ಸ್’ ಟಿಕ್ ಇರಲಿ. ರೆಂಡರ್ ಕ್ಯಾಶ್, ಪ್ರಾಕ್ಸಿಯ ಟಿಕ್ ತೆಗೆಯಿರಿ. ಓಕೆ ಒತ್ತಿ.

5. ಮುಗಿಯುವ ತನಕ ಕಂಪ್ಯೂಟರ್ ಮುಟ್ಟಬೇಡಿ. ಸ್ಲೀಪ್ ಮೋಡ್ ಮೊದಲೇ ಆಫ್ ಮಾಡಿರಿ.

ಮುಗಿದ ಮೇಲೆ ಡಿಸ್ಕ್‌ನಲ್ಲಿ ಡಿಆರ್‌ಎ ಎಂದು ಕೊನೆಯಾಗುವ ಒಂದು ಫೋಲ್ಡರ್ ಇರುತ್ತದೆ. ಒಳಗೆ ಹೊಕ್ಕು ನೋಡಿ. ಪ್ರಾಜೆಕ್ಟ್ ಫೈಲ್ ಒಂದು, ಮೀಡಿಯಾ ಫೈಲ್‌ಗಳ ಫೋಲ್ಡರ್ ಒಂದು. ಹಾಡು ಸಿ ಡ್ರೈವ್‌ನಲ್ಲಿರಲಿ, ಡ್ರೋನ್ ಕ್ಲಿಪ್ ಪೆನ್‌ಡ್ರೈವ್‌ನಲ್ಲಿರಲಿ, ಚುಚ್ಚಿದ್ದರೆ ಎಲ್ಲವನ್ನೂ ಹುಡುಕಿ ತಂದು ಒಂದೇ ಕಡೆ ಹಾಕಿರುತ್ತದೆ. ಒಳಗಿನ ಫೋಲ್ಡರ್‌ಗಳ ಹೆಸರು ಚೆಂದ ಮಾಡಲು ಹೋಗಬೇಡಿ, ವಿಳಾಸ ಮತ್ತೆ ತಪ್ಪುತ್ತದೆ.

ಕಾಪಿ ನಡುವೆ ಕರೆಂಟ್ ಹೋದರೆ? ಬೇಸಿಗೆಯಲ್ಲಿ ಇದು ಮಾಮೂಲು. ಅರ್ಧ ಆದ ಆರ್ಕೈವನ್ನು ನಂಬಬೇಡಿ. ಅಳಿಸಿ, ಮೊದಲಿನಿಂದ ಮಾಡಿ. ಯುಪಿಎಸ್ ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಮಾಡುವುದು ವಾಸಿ.

‘ಫೈಲ್’ ಮೆನುವಿನಲ್ಲಿ ‘ಮೀಡಿಯಾ ಮ್ಯಾನೇಜ್‌ಮೆಂಟ್’ ಎಂಬ ಇನ್ನೊಂದು ದಾರಿಯೂ ಇದೆ. ಟೈಮ್‌ಲೈನ್‌ನಲ್ಲಿ ಬಳಸಿದ ಕ್ಲಿಪ್ ಮಾತ್ರ ಇಟ್ಟುಕೊಳ್ಳಲು, ಹಿಂದೆ ಮುಂದೆ ಒಂದಿಷ್ಟು ಫ್ರೇಮ್ ಬಿಟ್ಟು ಕತ್ತರಿಸಲು ಅದರಲ್ಲಿ ಆಯ್ಕೆ ಇದೆ. ಜಾಹೀರಾತು, ಕಿರುಚಿತ್ರಕ್ಕೆ ಅದು ಸರಿ. ಮದುವೆಗೆ ಬೇಡ. ಧಾರೆಯ ಮೂಲೆಯಲ್ಲಿ ಐದು ಸೆಕೆಂಡ್ ಕಂಡ ಸೋದರತ್ತೆ ನಿಮ್ಮ ಟೈಮ್‌ಲೈನ್‌ನಲ್ಲಿ ಇರಲಿಕ್ಕಿಲ್ಲ. ಆ ಮನೆಯವರಿಗೆ ಮುಂದೊಂದು ದಿನ ಆ ಐದು ಸೆಕೆಂಡೇ ಬೇಕಾಗಬಹುದು.

ಪ್ರೀಮಿಯರ್ ಪ್ರೊದಲ್ಲಿ

‘ಫೈಲ್’ ಮೆನುವಿನ ಕೆಳಭಾಗದಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ಇದೆ. ಮೇಲಿನ ಪಟ್ಟಿಯಲ್ಲಿ ಬೇಕಾದ ಸೀಕ್ವೆನ್ಸ್‌ಗಳಿಗೆಲ್ಲ (ಟೈಮ್‌ಲೈನ್‌ಗೆ ಪ್ರೀಮಿಯರ್ ಇಟ್ಟ ಹೆಸರು) ಟಿಕ್ ಹಾಕಿ. ಟೀಸರ್, ಹಾಡಿನ ತುಣುಕು, ಪೂರ್ತಿ ಮದುವೆ, ಎಲ್ಲ. ಕೆಳಗೆ ‘ಕಲೆಕ್ಟ್ ಫೈಲ್ಸ್ ಆ್ಯಂಡ್ ಕಾಪಿ ಟು ನ್ಯೂ ಲೊಕೇಶನ್’ ಆರಿಸಿ. ‘ಎಕ್ಸ್‌ಕ್ಲೂಡ್ ಅನ್‌ಯೂಸ್ಡ್ ಕ್ಲಿಪ್ಸ್’ಗೆ ಟಿಕ್ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಬಳಸದ ಕ್ಲಿಪ್‌ಗಳು ಹಿಂದೆಯೇ ಉಳಿಯುತ್ತವೆ. ಪ್ರಿವ್ಯೂ ಫೈಲ್ ಬೇಡ. ಜಾಗ ತೋರಿಸಿ ‘ಕ್ಯಾಲ್ಕುಲೇಟ್’ ಒತ್ತಿದರೆ ಎಷ್ಟು ಜಿಬಿ ಆಗುತ್ತದೆ ಎಂದು ಮೊದಲೇ ಹೇಳುತ್ತದೆ. ಈ ಒಂದು ಗುಂಡಿ ನನಗೆ ಪ್ರೀಮಿಯರ್‌ನಲ್ಲಿ ತುಂಬ ಇಷ್ಟ. ನಂತರ ಓಕೆ.

ಅಲ್ಲೇ ಇರುವ ‘ಕನ್ಸಾಲಿಡೇಟ್ ಆ್ಯಂಡ್ ಟ್ರಾನ್ಸ್‌ಕೋಡ್’ ಮೂಲ ಕ್ಲಿಪ್ ಬದಲು ಹೊಸ ಫಾರ್ಮ್ಯಾಟ್‌ನ ಫೈಲ್ ಮಾಡುತ್ತದೆ. ಕ್ಯಾಮೆರಾದಿಂದ ಬಂದದ್ದು ಹೇಗಿತ್ತೋ ಹಾಗೇ ಇರಲಿ ಎನ್ನುವವನು ನಾನು, ಅದಕ್ಕೆ ಆ ಕಡೆ ಹೋಗುವುದಿಲ್ಲ. ಫೈನಲ್ ಕಟ್ ಪ್ರೊ ಬಳಸುವವರು ‘ಕನ್ಸಾಲಿಡೇಟ್ ಲೈಬ್ರರಿ ಮೀಡಿಯಾ’ದಿಂದ ಎಲ್ಲವನ್ನೂ ಲೈಬ್ರರಿಯೊಳಗೆ ತಂದು, ಆ ಲೈಬ್ರರಿಯನ್ನೇ ಡಿಸ್ಕ್‌ಗೆ ಎಳೆದರೆ ಆಯಿತು.

ನುಡಿ ಫಾಂಟ್ ಎಂಬ ತಲೆನೋವು

ಸಾಫ್ಟ್‌ವೇರ್ ತಾನಾಗಿ ಎತ್ತಿಕೊಳ್ಳದ ಸಾಮಾನು ಒಂದಿಷ್ಟಿದೆ. ನಮ್ಮ ಕನ್ನಡದವರಿಗೆ ಅದರಲ್ಲಿ ದೊಡ್ಡದು ಫಾಂಟ್. ಮದುವೆ ಟೈಟಲ್‌ಗೆ ಈಗಲೂ ತುಂಬ ಜನ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್ ಬಳಸುತ್ತಾರೆ, ಅಕ್ಷರ ಒಡೆಯುವುದಿಲ್ಲ ಎಂದು. ಈ ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರ್‌ಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಮಾತ್ರ. ಅವು ಕನ್ನಡವಾಗಿ ಕಾಣುವುದು ಫಾಂಟ್‌ನ ಮೇಕಪ್ಪಿನಿಂದ. ಬೇರೆ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಮದುಮಕ್ಕಳ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನನ್ನ ಕಣ್ಣೆದುರೇ ‘ಶ್ರೀರಸ್ತು ಶುಭಮಸ್ತು’ ಹಾಗೆ ಆಗಿದೆ. ಯುನಿಕೋಡ್ ಫಾಂಟ್ ಆದರೆ ಹೆಸರು ಕನ್ನಡದಲ್ಲೇ ಉಳಿಯುತ್ತದೆ, ಅಂದ ಮಾತ್ರ ಬದಲಾಗುತ್ತದೆ.

ಅದಕ್ಕೆ ಆರ್ಕೈವ್ ಪಕ್ಕದಲ್ಲಿ ‘ಜೊತೆ ಸಾಮಾನು’ ಎಂದು ಒಂದು ಫೋಲ್ಡರ್ ಮಾಡಿ. ಬಳಸಿದ ಫಾಂಟ್ ಫೈಲ್‌ಗಳು, ಬಣ್ಣಕ್ಕೆ ಹಾಕಿದ ಲಟ್ (ಬಣ್ಣ ಬದಲಿಸುವ ಸಿದ್ಧ ಫೈಲ್), ಹೊರಗಿನಿಂದ ತಂದ ಟೈಟಲ್ ಟೆಂಪ್ಲೇಟ್, ಗ್ರಾಹಕರಿಗೆ ಕೊಟ್ಟ ಕೊನೆಯ ವಿಡಿಯೊ ಎಲ್ಲ ಅದರೊಳಗೆ. ಜೊತೆಗೆ ಒಂದು ನೋಟ್‌ಪ್ಯಾಡ್ ಫೈಲ್: ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ, ಯಾವ ಪ್ಲಗಿನ್, ಯಾವ ಯಾವ ಕ್ಯಾಮೆರಾ. ಹೊಸ ಆವೃತ್ತಿಯಲ್ಲಿ ಮಾಡಿದ ಪ್ರಾಜೆಕ್ಟ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಆ ಸಾಲು ಮರೆಯಬೇಡಿ.

ಪರೀಕ್ಷೆ

ಆರ್ಕೈವ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಎಷ್ಟು ಫೈಲ್, ಎಷ್ಟು ಜಿಬಿ ಎಂದು ನೋಡಿ. ನೀವು ಅಂದಾಜು ಮಾಡಿದ್ದಕ್ಕಿಂತ ತೀರಾ ಕಡಿಮೆ ಇದ್ದರೆ ಏನೋ ಬಿಟ್ಟುಹೋಗಿದೆ.

ಅಸಲಿ ಪರೀಕ್ಷೆ ಆಮೇಲಿನದು. ಇನ್ನೊಂದು ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲವೆಂದರೆ ಗೆಳೆಯನದು ಒಂದು ಸಂಜೆಗೆ ಕೇಳಿ, ಬೆಣ್ಣೆದೋಸೆ ಖರ್ಚು ನಿಮ್ಮದು. ಆ ಲ್ಯಾಪ್‌ಟಾಪ್‌ಗೆ ಆರ್ಕೈವ್ ಡಿಸ್ಕ್ ಮಾತ್ರ ಚುಚ್ಚಿ. ರಿಸಾಲ್ವ್‌ನ ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ರಿಸ್ಟೋರ್ ಪ್ರಾಜೆಕ್ಟ್ ಆರ್ಕೈವ್’ ಆರಿಸಿ, ಆ ಡಿಆರ್‌ಎ ಫೋಲ್ಡರ್ ತೋರಿಸಿ. ಪ್ರೀಮಿಯರ್ ಆದರೆ ಕಾಪಿ ಆದ ಫೋಲ್ಡರ್‌ನ ಪ್ರಾಜೆಕ್ಟ್ ಫೈಲ್ ತೆರೆಯಿರಿ.

ಈಗ ಟೈಮ್‌ಲೈನ್ ಎಳೆಯಿರಿ. ಹಾಡು ಕೇಳುತ್ತದಾ? ಡ್ರೋನ್ ಶಾಟ್ ಇದೆಯಾ? ಕನ್ನಡ ಟೈಟಲ್ ಓದಲು ಬರುತ್ತದಾ? ಎರಡನೇ ಕ್ಯಾಮೆರಾದ ಕ್ಲಿಪ್ ಓಡುತ್ತದಾ? ಎಲ್ಲೂ ಕೆಂಪು ಇಲ್ಲದಿದ್ದರೆ ಪಾಸ್. ಈ ಪರೀಕ್ಷೆಗೆ ನನಗೆ ಹಿಡಿಯುವುದು ಒಂದು ಮದುವೆಗೆ ಹತ್ತು ನಿಮಿಷ.

ಬೇರೆ ಕಂಪ್ಯೂಟರ್ ಸಿಗಲೇ ಇಲ್ಲವೆಂದರೆ ನಿಮ್ಮದರಲ್ಲೇ ಮಾಡಿ. ಆದರೆ ಮೂಲ ಡಿಸ್ಕ್ ಕಿತ್ತಿರಬೇಕು, ಹಾಡು ಇಟ್ಟಿದ್ದ ಡೌನ್‌ಲೋಡ್ಸ್‌ನ ಫೋಲ್ಡರ್‌ಗೆ ತಾತ್ಕಾಲಿಕವಾಗಿ ಬೇರೆ ಹೆಸರು ಕೊಟ್ಟಿರಬೇಕು. ಇಲ್ಲದಿದ್ದರೆ ಹಳೆಯ ಫೈಲನ್ನೇ ಹಿಡಿದುಕೊಂಡು ಎಲ್ಲ ಸರಿಯಿದೆ ಎಂದು ತೋರಿಸಬಹುದು.

ಎರಡನೇ ಕಾಪಿ

ಒಂದು ಡಿಸ್ಕ್ ಸಾಲದು. ಹಾರ್ಡ್ ಡಿಸ್ಕ್ ಕೈಜಾರಿ ಬಿದ್ದರೆ ಅಥವಾ ಸುಮ್ನೆ ಒಂದು ದಿನ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತರೆ ನಾಲ್ಕು ಮದುವೆ ಒಟ್ಟಿಗೆ ಹೋದ ಹಾಗೆ. ಪರೀಕ್ಷೆ ಪಾಸಾದ ಆರ್ಕೈವನ್ನು ಎರಡನೇ ಡಿಸ್ಕ್‌ಗೆ ಕಾಪಿ ಮಾಡಿ. ಇಲ್ಲಿ ಮಾಮೂಲಿ ಕಾಪಿ ಪೇಸ್ಟ್ ಬದಲು ಕಾಪಿ ಆದ ಮೇಲೆ ಎರಡೂ ಕಡೆಯ ಫೈಲ್ ಓದಿ ತಾಳೆ ನೋಡುವ ಸಾಧನ ಬಳಸಿ. ವಿಂಡೋಸ್‌ನಲ್ಲಿ ಟೆರಾಕಾಪಿಯ ‘ವೆರಿಫೈ’ ಆ ಕೆಲಸ ಮಾಡುತ್ತದೆ. ರಿಸಾಲ್ವ್‌ನ ಮೀಡಿಯಾ ಪೇಜ್‌ನಲ್ಲಿರುವ ‘ಕ್ಲೋನ್ ಟೂಲ್’ ಕೂಡ ಚೆಕ್‌ಸಮ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹಾಕಿ ತಾಳೆ ನೋಡುತ್ತದೆ. ಕಾರ್ಡ್‌ನಿಂದ ಫುಟೇಜ್ ಇಳಿಸುವಾಗಲೂ ಅದನ್ನೇ ಬಳಸಬಹುದು.

ಎರಡು ಡಿಸ್ಕ್ ಒಂದೇ ಬ್ರ್ಯಾಂಡ್, ಒಂದೇ ದಿನ ಕೊಂಡದ್ದು ಆಗದಿರಲಿ. ಒಂದೇ ಬೀರುವಿನಲ್ಲೂ ಇಡಬೇಡಿ. ನನ್ನ ಎರಡನೇ ಡಿಸ್ಕ್‌ಗಳು ಚಿತ್ರದುರ್ಗದಲ್ಲಿ ಅಕ್ಕನ ಮನೆಯಲ್ಲಿವೆ. ಹೋಗಿಬರುವಾಗ ಒಯ್ಯುತ್ತೇನೆ, ಬಸ್ಸಿನಲ್ಲಿ ಡಿಸ್ಕ್ ತೊಡೆಯ ಮೇಲೆ. ಅಕ್ಕ ಅದನ್ನು ಬೆಳ್ಳಿ ಸಾಮಾನಿನ ಪಕ್ಕ ಇಟ್ಟಿದ್ದಾಳೆ.

ನಮ್ಮ ಕಡೆ ತೇವಕ್ಕಿಂತ ಧೂಳಿನ ಕಾಟ ಜಾಸ್ತಿ. ಮುಚ್ಚಳ ಗಟ್ಟಿ ಇರುವ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಪ್ರತಿ ಡಿಸ್ಕ್‌ಗೂ ನಂಬರ್ ಸ್ಟಿಕ್ಕರ್. ಒಂದು 200 ಪುಟದ ನೋಟ್‌ಬುಕ್ ಇಟ್ಟು ಡಿಸ್ಕ್ ನಂಬರ್, ಮದುವೆ ತಾರೀಕು, ಊರು, ಛತ್ರ, ಪರೀಕ್ಷೆ ಮಾಡಿದ ದಿನ ಬರೆಯಿರಿ. ಎಕ್ಸೆಲ್ ಇಡುತ್ತೇನೆ ಎನ್ನುವವರು ಇಡಿ, ಆದರೆ ಆ ಎಕ್ಸೆಲ್ ಫೈಲ್ ಕೆಟ್ಟುಹೋಗುವ ಕಂಪ್ಯೂಟರ್‌ನಲ್ಲೇ ಇರುತ್ತದೆ. ಆರು ತಿಂಗಳಿಗೊಮ್ಮೆ ಪ್ರತಿ ಡಿಸ್ಕ್ ಚುಚ್ಚಿ ಒಂದೆರಡು ಕ್ಲಿಪ್ ಓಡಿಸಿ. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ಅದು ಹಳದಿ ತೋರಿಸಿದ ದಿನವೇ ಹೊಸ ಡಿಸ್ಕ್ ತನ್ನಿ.

ಎಷ್ಟು ವರ್ಷ ಇಟ್ಟುಕೊಳ್ಳಬೇಕು ಎಂಬುದನ್ನು ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ನಾನು ಮೂರು ವರ್ಷ ಎನ್ನುತ್ತೇನೆ. ಅದಕ್ಕೂ ಜಾಸ್ತಿ ಬೇಕೆಂದರೆ ಡಿಸ್ಕ್ ಅವರೇ ಕೊಡಿಸಲಿ.

ಅಳಿಸುವುದು, ಮತ್ತೆ ತೆಗೆಯುವುದು

ಎರಡೂ ಕಾಪಿ ಆಗಿ, ಪರೀಕ್ಷೆ ಪಾಸಾಗಿ, ನೋಟ್‌ಬುಕ್‌ನಲ್ಲಿ ಬರೆದ ಮೇಲೆ ಮಾತ್ರ ಎಸ್‌ಎಸ್‌ಡಿ ಖಾಲಿ ಮಾಡಿ. ಅದೂ ಅದೇ ದಿನ ರಾತ್ರಿ ನಿದ್ದೆಗಣ್ಣಲ್ಲಿ ಬೇಡ. ಮರುದಿನ ಬೆಳಿಗ್ಗೆ ಫೋಲ್ಡರ್ ಹೆಸರು ಎರಡು ಸಲ ಓದಿ ಅಳಿಸಿ.

ಮುಂದೆ ಯಾರಾದರೂ ಹಳೆಯ ಮದುವೆಯ ತುಣುಕು ಕೇಳಿಕೊಂಡು ಬಂದಾಗ ಹಾರ್ಡ್ ಡಿಸ್ಕ್‌ನಿಂದಲೇ ನೇರ ರಿಸ್ಟೋರ್ ಮಾಡಿ ಎಡಿಟ್‌ಗೆ ಕೂರಬೇಡಿ. ರಿಸ್ಟೋರ್ ಆದ ಪ್ರಾಜೆಕ್ಟ್ ಆ ಡಿಆರ್‌ಎ ಫೋಲ್ಡರ್‌ನ ಒಳಗಿನ ಕ್ಲಿಪ್‌ಗಳನ್ನೇ ಓದುತ್ತಿರುತ್ತದೆ. ನಿಧಾನವೂ ಹೌದು, ಇರುವ ಕಾಪಿಗೆ ಅಪಾಯವೂ ಹೌದು. ಫೋಲ್ಡರನ್ನು ಹಾಗೇ ಪೂರ್ತಿ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಡಿಸ್ಕ್ ಕಿತ್ತು ಡಬ್ಬಿಗೆ ಹಾಕಿ, ಎಸ್‌ಎಸ್‌ಡಿ ಮೇಲಿನದನ್ನು ರಿಸ್ಟೋರ್ ಮಾಡಿ. ಕ್ಲಿಪ್ ಸಿಕ್ಕ ಮೇಲೆ ಹಾಡಿನ ಟ್ರ್ಯಾಕ್ ಮ್ಯೂಟ್ ಮಾಡಿ, ಕ್ಯಾಮೆರಾದ ದನಿ ಎತ್ತಿ, ಅವರೆದುರೇ ಒಂದು ಸಲ ಕೇಳಿಸಿ. ಆಮೇಲೆ ಎಕ್ಸ್‌ಪೋರ್ಟ್ ಮಾಡಿಕೊಡಿ.